ಒದ್ದೆ ಬಟ್ಟೆಯ ಒಗಟು

ಆಷಾಢ ಮಾಸದ ಮಂಗಳೂರನ್ನು ಕಂಡವರಿಗೆ, ಅಲ್ಲಿ ಒಂದು ಬಟ್ಟೆಯನ್ನು ಒಣಗಿಸುವುದು ಎಷ್ಟು ದೊಡ್ಡ ಕಾರ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಿನಗಟ್ಟಲೆ ಬಿಸಿಲಿನ ಮುಖ ಕಾಣದು. ಗಾಳಿಯ ಆರ್ದ್ರತೆ ಶೇಕಡಾ 90ರ ಸಮೀಪಕ್ಕೆ ಏರುವುದುಂಟು. ತಾನೇ ನೀರಿನಿಂದ ತುಂಬಿರುವ ಗಾಳಿಯು ಬಟ್ಟೆಯ ನೀರನ್ನು ಹೀರಿಕೊಳ್ಳುವುದಾದರೂ ಹೇಗೆ? ಇಂತಹ ಒಂದು ಜುಲೈ ತಿಂಗಳಲ್ಲಿ ನಾವು ಅಲ್ಲಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಜಗಲಿಯ ಉದ್ದಕ್ಕೂ ಕಟ್ಟಿದ ಹಗ್ಗದ ಮೇಲೆ ಒಂದು ಜಮಖಾನ ಜೋತುಬಿದ್ದಿತ್ತು. ಅದರ ಅಂಚಿನಿಂದ ತೊಟ್ಟಿಕ್ಕಿದ ನೀರು ಕೆಳಗಿಟ್ಟ ಬೋಗುಣಿಯಲ್ಲಿ ತುಂಬಿ ನಿಂತಿತ್ತು.

“ಎರಡು ವಾರದಿಂದ ಹೀಗೇ,” ಎಂದರು ಮಿತ್ರರ ತಾಯಿ. “ಮೆಶಿನು ಒಗೆಯುತ್ತದೆ, ಹಿಂಡುವುದಿಲ್ಲ. ಮೆಕ್ಯಾನಿಕ್ ಬಂದು ನೋಡಿ ಹೋದ. ಒಳಗಿನ ಬೋರ್ಡು ಕೆಟ್ಟಿದೆಯಂತೆ. ಏಳೆಂಟು ಸಾವಿರ ಆಗುತ್ತದಂತೆ. ಕಲ್ಲಿನ ಮೇಲೆ ಒಗೆಯುವುದೇ ವಾಸಿ ಎಂದು ಕಾಣುತ್ತದೆ. ಆದರೆ ಈ ಪ್ರಾಯದಲ್ಲಿ ಜಮಖಾನ ಹಿಂಡುವ ಶಕ್ತಿ ಕೈಗೆ ಎಲ್ಲಿಂದ ಬರಬೇಕು?”

ಮರುದಿನವೇ ಹೊಸ ಬೋರ್ಡನ್ನು ತರಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಒಂದು ದಿನ ತಡೆಯಬೇಕೆಂದು ಮಿತ್ರರನ್ನು ಕೇಳಿಕೊಂಡೆವು. ಒಗೆಯುವ ಯಂತ್ರವು ಬಟ್ಟೆಯನ್ನು ಹಿಂಡದೆ ಬಿಡುವುದಕ್ಕೆ ಹತ್ತಾರು ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಕಾಸಿನ ಖರ್ಚಿಲ್ಲದೆ ಪರಿಹಾರವಾಗತಕ್ಕವು. ಯಾವುದು ಕಾರಣವೆಂಬುದನ್ನು ಊಹಿಸಿ ಹಣ ಕಳೆಯುವುದಕ್ಕಿಂತ, ಯಂತ್ರವನ್ನು ಕ್ರಮವಾಗಿ ಪ್ರಶ್ನಿಸಿ ಉತ್ತರ ಪಡೆಯುವುದು ಮೇಲಲ್ಲವೆ? ಹಾಗೆ ಪ್ರಶ್ನಿಸಬೇಕಾದರೆ ಅದು ನೀರನ್ನು ಹೊರಗೆಡಹುವ ಬಗೆಯನ್ನು ಮೊದಲು ಅರಿತಿರಬೇಕು.

ಹಿಂಡದೆ ಹಿಂಡುವ ಉಪಾಯ

ಕೈಯಲ್ಲಿ ಬಟ್ಟೆ ಹಿಂಡುವಾಗ ನಾವು ಅದನ್ನು ತಿರುಚಿ, ಎಳೆಗಳ ನಡುವಣ ಎಡೆಯನ್ನು ಕಿರಿದುಗೊಳಿಸಿ, ಅಲ್ಲಿ ನಿಂತ ನೀರನ್ನು ಹೊರದೂಡುತ್ತೇವೆ. ಯಂತ್ರದ ಉಪಾಯ ಬೇರೆ. ಅದು ಮೈಯೆಲ್ಲ ತೂತುಗಳುಳ್ಳ ಉಕ್ಕಿನ ಉರುಳೆಯೊಂದರಲ್ಲಿ ಬಟ್ಟೆಯನ್ನಿರಿಸಿಕೊಂಡು ಭರದಿಂದ ತಿರುಗುತ್ತದೆ. ನೆನೆದ ಕೊಡೆಯನ್ನು ಬಾಗಿಲ ಬಳಿ ಗಿರ್ರನೆ ತಿರುಗಿಸಿ ನೀರು ಕೊಡಹುವ ಹುಡುಗನೂ ಇದೇ ತತ್ತ್ವವನ್ನು ಬಳಸುತ್ತಾನೆ.

ಕೇಂದ್ರಾಪಗಾಮಿ ಬಲವು ನೀರನ್ನು ಹೊರಕ್ಕೆ ಎಸೆಯುವುದೆಂದು ಹೇಳುವುದು ವಾಡಿಕೆ. ಹೊರಗೆ ನಿಂತು ನೋಡುವವನಿಗೆ ನಡೆಯುವ ಸಂಗತಿ ಇನ್ನೂ ಸರಳವಾದುದು. ಚಲಿಸುತ್ತಿರುವ ವಸ್ತುವಿನ ಮೇಲೆ ಹೊರಗಿನ ಬಲವಾವುದೂ ಬೀಳದಿದ್ದರೆ ಅದು ನೆಟ್ಟನೆಯ ದಾರಿಯಲ್ಲೇ ಸಾಗುವುದೆಂದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾನೆ. ಉರುಳೆಯ ಗೋಡೆ ಬಟ್ಟೆಯನ್ನು ಒಳಕ್ಕೆ ಒತ್ತಿ, ಅದು ನೆಟ್ಟಗೆ ಹೋಗದಂತೆ ತಡೆದು, ಸುತ್ತು ದಾರಿಗೆ ತಿರುಗಿಸುತ್ತಲೇ ಇರುತ್ತದೆ. ಆದರೆ ತೂತಿನ ಎದುರಿಗೆ ಬಂದ ನೀರಿನ ಹನಿಯನ್ನು ಹೀಗೆ ಒತ್ತುವುದಕ್ಕೆ ಅಲ್ಲಿ ಗೋಡೆಯೇ ಇಲ್ಲ. ಹನಿಯು ತನ್ನ ನೆಟ್ಟನೆಯ ದಾರಿ ಹಿಡಿದು, ತೂತಿನಿಂದ ಪಾರಾಗಿ, ಉರುಳೆಯ ಸುತ್ತಲಿರುವ ಹೊರತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು ಕೊಳವೆಯ ಮೂಲಕ ಹೊರಸಾಗಿಸುತ್ತದೆ. ಸ್ವೀಡನ್ನಿನ ಗುಸ್ತಾಫ್ ದ ಲಾವಾಲ್ 1878ರಲ್ಲಿ ಹಾಲಿನಿಂದ ಕೆನೆಯನ್ನು ಬೇರ್ಪಡಿಸಲು ನಿರ್ಮಿಸಿದ ಯಂತ್ರಕ್ಕೂ ತಿರುಗುವಿಕೆಯ ಈ ಗುಣವೇ ಆಧಾರ.

ಈ ತಿರುಗುವಿಕೆಯ ಉಗ್ರತೆಯನ್ನು ಲೆಕ್ಕ ಹಾಕಿ ನೋಡಬಹುದು. ಉರುಳೆಯ ವ್ಯಾಸ 48 ಸೆಂಟಿಮೀಟರ್, ವೇಗ ನಿಮಿಷಕ್ಕೆ 1000 ಸುತ್ತು ಎಂದು ಇಟ್ಟುಕೊಳ್ಳೋಣ. ಆಗ ಗೋಡೆಗೆ ಅಂಟಿದ ಬಟ್ಟೆಯ ಮೇಲೆ ಭೂಮಿಯ ಗುರುತ್ವಕ್ಕಿಂತ ಸುಮಾರು 270 ಪಟ್ಟು ಹೆಚ್ಚಿನ ಬಲ ಕೆಲಸಮಾಡುತ್ತದೆ. ಹಗ್ಗದ ಮೇಲೆ ನೇತುಹಾಕಿದ ಬಟ್ಟೆಯಿಂದ ನೀರನ್ನು ಇಳಿಸುವುದು ಒಂದು ಪಟ್ಟು ಗುರುತ್ವ ಮಾತ್ರ. ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು: ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ ಅರ್ಧಕ್ಕಿಳಿದು 500 ಸುತ್ತುಗಳಾದರೆ ಬಲ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಯಂತ್ರವು “ತಿರುಗಿತಲ್ಲ!” ಎಂದು ನಾವು ಸಮಾಧಾನಪಟ್ಟುಕೊಂಡರೂ ಬಟ್ಟೆ ಒದ್ದೆಯಾಗಿಯೇ ಉಳಿಯುವುದಕ್ಕೆ ಇದೇ ಕಾರಣ.

ಎಷ್ಟು ಒದ್ದೆಯಾದರೆ ತಪ್ಪು?

ಉತ್ತಮವಾದ ಯಂತ್ರವೂ ಬಟ್ಟೆಯನ್ನು ಪೂರ್ಣವಾಗಿ ಒಣಗಿಸಲಾರದು. ಎಳೆಗಳ ನಡುವೆ ನಿಂತ ನೀರು ತಿರುಗುವ ಬಲಕ್ಕೆ ಮಣಿಯುತ್ತದೆ; ಹತ್ತಿಯ ನಾರಿನ ಒಳಗೇ ಸೇರಿ ಅದನ್ನು ಉಬ್ಬಿಸಿರುವ ನೀರು ಮಣಿಯುವುದಿಲ್ಲ. ಅದನ್ನು ಬಿಡಿಸಲು ಶಾಖವೇ ಬೇಕು. ಯುರೋಪಿನ ಒಕ್ಕೂಟದಲ್ಲಿ ಮಾರುವ ಯಂತ್ರಗಳಿಗೆ ಹಿಂಡುವ ಸಾಮರ್ಥ್ಯದ ದರ್ಜೆಯನ್ನು ಕೊಡುವ ಪದ್ಧತಿಯಿದೆ. ಒಣಬಟ್ಟೆಯ ತೂಕದ ಶೇಕಡಾ 45ಕ್ಕಿಂತ ಕಡಿಮೆ ನೀರನ್ನು ಉಳಿಸುವ ಯಂತ್ರಕ್ಕೆ ಮೊದಲ ದರ್ಜೆ. ಶೇಕಡಾ 90ಕ್ಕಿಂತ ಹೆಚ್ಚು ಉಳಿಸುವುದಕ್ಕೆ ಕೊನೆಯ, ಅಂದರೆ ಏಳನೆಯ ದರ್ಜೆ. ಮೊದಲ ದರ್ಜೆಯ ಯಂತ್ರದಿಂದ ಬಂದ 4 ಕಿಲೋಗ್ರಾಂ ಬಟ್ಟೆಯಲ್ಲಿಯೂ ಒಂದೂವರೆ ಲೀಟರಿಗೆ ಮಿಕ್ಕಿ ನೀರಿರಬಹುದು.

ಆದುದರಿಂದ ಕೈಯಿಂದ ಮುಟ್ಟಿ ನೋಡಿ ತೀರ್ಪುಕೊಡುವ ಬದಲು ತೂಗಿ ನೋಡುವುದು ಲೇಸು. ಪ್ರಯಾಣದ ಪೆಟ್ಟಿಗೆಗಳನ್ನು ತೂಗುವ ಕೊಕ್ಕೆಯ ತಕ್ಕಡಿ ಇದಕ್ಕೆ ಸಾಕು. ಮಿತ್ರರ ಮನೆಯ ಜಮಖಾನ ಒಣಗಿದ್ದಾಗ 2 ಕಿಲೋಗ್ರಾಂ ಇತ್ತು. ಯಂತ್ರದಿಂದ ಹೊರಬಂದಾಗ ಐದೂವರೆ. ಅದರಲ್ಲಿ ತನ್ನ ತೂಕಕ್ಕಿಂತ ಮುಕ್ಕಾಲು ಪಾಲು ಹೆಚ್ಚಾಗಿ ನೀರು ಕುಳಿತಿತ್ತು. ಇದು ಹಿಂಡುವಿಕೆಯ ಕೊರತೆಯಲ್ಲ. ಹಿಂಡುವಿಕೆ ನಡೆದೇ ಇಲ್ಲವೆಂಬುದಕ್ಕೆ ಸಾಕ್ಷಿ.

ನೀರು ಎಲ್ಲಿದೆ?

ಯಂತ್ರವನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು. ಕೆಲಸ ಮುಗಿದ ಮೇಲೆ ಬಾಗಿಲು ತೆರೆದು ನೋಡಿದಾಗ ಬಟ್ಟೆಯೊಂದಿಗೆ ತಳದಲ್ಲಿ ನೀರೂ ನಿಂತಿದೆಯೆ? ನಿಂತಿದ್ದರೆ ದೋಷವಿರುವುದು ನೀರಿನ ಹೊರದಾರಿಯಲ್ಲಿ. ತೊಟ್ಟಿಯಲ್ಲಿ ನೀರಿರುವ ತನಕ ಯಂತ್ರವು ಭರದಿಂದ ತಿರುಗಲು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಮುಂಬಾಗಿಲಿನ ಯಂತ್ರದ ಕೆಳಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಮುಚ್ಚಳವಿರುತ್ತದೆ. ಅದರ ಹಿಂದೆ ಪಂಪನ್ನು ಕಾಯುವ ಜಾಲರಿಯಿದೆ. ಅಂಗಿಯ ಜೇಬಿನಲ್ಲಿ ಮರೆತ ನಾಣ್ಯ, ತಲೆಪಿನ್ನು, ಗುಂಡಿ, ಹತ್ತಿಯ ಸಿಂಬೆ, ಬಸ್ಸಿನ ಚೀಟಿಯ ಮುದ್ದೆ ಎಲ್ಲವೂ ಇಲ್ಲಿ ಬಂದು ತಂಗುತ್ತವೆ. ಯಂತ್ರದ ಪ್ಲಗ್ಗನ್ನು ಕಿತ್ತು, ನೀರು ಬಿಸಿಯಾಗಿದ್ದರೆ ಆರುವ ತನಕ ಕಾದು, ಅಗಲವಾದ ತಟ್ಟೆಯೊಂದನ್ನು ಕೆಳಗಿರಿಸಿ, ಜಾಲರಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ ಬಿಚ್ಚಬೇಕು. ಜಾಲರಿಯನ್ನು ತೆಗೆದ ಬಳಿಕ ಒಳಗೆ ಬೆಳಕು ಬಿಟ್ಟು, ಪಂಪಿನ ಪುಟ್ಟ ರೆಕ್ಕೆಗಳು ಯಾವುದಕ್ಕೂ ಸಿಕ್ಕಿಕೊಳ್ಳದೆ ತಿರುಗುವುವೋ ಎಂದು ನೋಡಬೇಕು.

ಜಾಲರಿ ಶುಭ್ರವಾಗಿದ್ದರೆ ಕೊಳವೆಯ ಕಡೆಗೆ ಗಮನ ಕೊಡಬೇಕು. ಯಂತ್ರವನ್ನು ಗೋಡೆಗೆ ಒತ್ತಿದಾಗ ಕೊಳವೆ ಮಡಿಚಿಕೊಳ್ಳುವುದು ಸಾಮಾನ್ಯ. ಪಂಪು ನೀರನ್ನೆತ್ತುವ ಎತ್ತರಕ್ಕೆ ಮಿತಿಯಿದೆ; ಕೈಪಿಡಿಯಲ್ಲಿ ಹೇಳಿದ ಎತ್ತರವನ್ನು, ಅನೇಕ ಯಂತ್ರಗಳಲ್ಲಿ ಅದು ಸುಮಾರು 1 ಮೀಟರ್, ಮೀರಬಾರದು. ಮೇಲ್ಬಾಗಿಲಿನ ಯಂತ್ರಗಳಲ್ಲಿ ಕೆಲವಕ್ಕೆ ಪಂಪೇ ಇರುವುದಿಲ್ಲ. ಅವು ಕವಾಟವೊಂದನ್ನು ತೆರೆದು, ನೀರು ತನ್ನ ಭಾರದಿಂದಲೇ ಇಳಿದುಹೋಗುವಂತೆ ಬಿಡುತ್ತವೆ. ಅಂತಹ ಯಂತ್ರದ ಕೊಳವೆಯು ನೆಲದ ಮೇಲೆಯೇ ಸಾಗಬೇಕು. ಬಚ್ಚಲುಮನೆಯ ಹೊಸ್ತಿಲು ಹತ್ತಿಸಿ ಇಳಿಸಿದರೂ ಸಾಕು, ಒಂದಿಷ್ಟು ನೀರು ಹಿಂದೆಯೇ ನಿಲ್ಲುತ್ತದೆ.

ನೀರು ಪೂರಾ ಹೋಗಿದ್ದರೂ, ಹೋಗಿಲ್ಲವೆಂದು ಯಂತ್ರ ಭ್ರಮಿಸುವ ಸಂದರ್ಭವೂ ಒಂದುಂಟು. ಲೋಟವೊಂದನ್ನು ಬೋರಲಾಗಿ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಅದುಮಲ್ಪಡುವುದಷ್ಟೆ? ತೊಟ್ಟಿಯ ತಳದಿಂದ ಮೇಲೇರುವ ಒಂದು ಕಿರುನಾಳದಲ್ಲಿಯೂ ಹೀಗೆಯೇ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರೇರಿದಂತೆ ಗಾಳಿಯ ಒತ್ತಡ ಏರುತ್ತದೆ; ಆ ಒತ್ತಡವನ್ನು ಅಳೆದು ಯಂತ್ರವು ನೀರಿನ ಮಟ್ಟವನ್ನು ತಿಳಿಯುತ್ತದೆ. ಸಾಬೂನಿನ ಜಿಡ್ಡು ಆ ನಾಳದಲ್ಲಿ ಕಟ್ಟಿಕೊಂಡರೆ ಒತ್ತಡ ಇಳಿಯದು. ಖಾಲಿ ತೊಟ್ಟಿಯಲ್ಲಿ ನೀರಿದೆಯೆಂದು ನಂಬಿದ ಯಂತ್ರ ತಿರುಗದೆ ನಿಲ್ಲುತ್ತದೆ. ಈ ನಾಳವನ್ನು ಶುಚಿಗೊಳಿಸುವುದು ಬಲ್ಲವರ ಕೆಲಸ. ಆದರೆ ಹೊಸ ಬೋರ್ಡು ಬೇಡುವ ಕೆಲಸವಲ್ಲ.

ತಿರುಗಲೊಲ್ಲದ ಯಂತ್ರ

ಮಿತ್ರರ ಮನೆಯಲ್ಲಿ ನೀರು ನಿಂತಿರಲಿಲ್ಲ. ಜಾಲರಿಯಲ್ಲಿ ಒಂದು ಗುಂಡಿಯ ಹೊರತು ಬೇರೇನೂ ಇರಲಿಲ್ಲ. ಹೊರದಾರಿ ಸರಿಯಾಗಿದೆಯೆಂದಾಯಿತು. ಉಳಿದ ಪ್ರಶ್ನೆ ಎರಡನೆಯದು: ಉರುಳೆ ತಕ್ಕ ವೇಗದಲ್ಲಿ ತಿರುಗುತ್ತಿದೆಯೆ?

ಇಲ್ಲಿ ಮೊದಲು ನೋಡಬೇಕಾದುದು ನಾವೇ ಒತ್ತಿದ ಗುಂಡಿಯನ್ನು. ರೇಷ್ಮೆ, ಉಣ್ಣೆ ಮುಂತಾದ ನವಿರು ಬಟ್ಟೆಗಳಿಗೆಂದು ಇರಿಸಿದ ಕ್ರಮದಲ್ಲಿ ಯಂತ್ರವು ಬೇಕೆಂದೇ ನಿಧಾನವಾಗಿ ತಿರುಗುತ್ತದೆ. ವೇಗವನ್ನು ಆರಿಸುವ ಗುಂಡಿಯನ್ನು ಮನೆಯ ಮಕ್ಕಳು ಸೊನ್ನೆಗೆ ತಂದಿರಿಸಿದ್ದರೆ ಅದು ತಿರುಗುವುದೇ ಇಲ್ಲ. ಮಿತ್ರರ ಯಂತ್ರದಲ್ಲಿ ಇವೆಲ್ಲ ಸರಿಯಾಗಿದ್ದುವು. ಆಮೇಲೆ ಜಮಖಾನವನ್ನು ಹೊರತೆಗೆದು, ಉರುಳೆಯನ್ನು ಬರಿದಾಗಿಸಿ, ಹಿಂಡುವ ಕ್ರಮವೊಂದನ್ನೇ ನಡೆಸಿದೆವು. ಯಂತ್ರ ಮೆಲ್ಲನೆ ಹೊರಟು, ವೇಗ ಏರಿಸಿಕೊಂಡು, ಕೊನೆಗೆ ಸೀಟಿಯಂತೆ ಸದ್ದುಮಾಡುತ್ತ ಪೂರ್ಣವೇಗದಲ್ಲಿ ತಿರುಗಿತು!

ಈ ಒಂದು ಪ್ರಯೋಗ ಎಷ್ಟು ಸಂಗತಿಗಳನ್ನು ತಿಳಿಸಿತೆಂಬುದನ್ನು ಓದುಗರು ಗಮನಿಸಬೇಕು. ಮೋಟಾರು ಸರಿಯಾಗಿದೆ, ಅದಕ್ಕೂ ಉರುಳೆಗೂ ನಡುವಿನ ಬೆಲ್ಟು ಹರಿದಿಲ್ಲ, ಬಾಗಿಲಿನ ಬೀಗ ಕೂಡುತ್ತಿದೆ, ಅಪ್ಪಣೆ ಕೊಡುವ ಬೋರ್ಡು ಅಪ್ಪಣೆ ಕೊಡುತ್ತಿದೆ. ಬರಿದಾಗಿದ್ದಾಗಲೂ ಅದು ತಿರುಗದಿದ್ದರೆ ಮಾತ್ರ ಸಡಿಲವಾದ ಬೆಲ್ಟು, ಸವೆದ ಕಾರ್ಬನ್ ಬ್ರಷ್ಷು, ಬೀಗ, ಬೋರ್ಡು ಇವುಗಳನ್ನು ಒಂದೊಂದಾಗಿ ಸಂಶಯಿಸಬೇಕಾಗಿತ್ತು. ಬರಿದಾಗಿ ತಿರುಗುವ ಯಂತ್ರ ಜಮಖಾನದೊಂದಿಗೆ ತಿರುಗಲೊಲ್ಲದೆಂದರೆ, ಸಂಶಯ ಜಮಖಾನದ ಮೇಲೆ ಬೀಳತಕ್ಕದ್ದು.

ಯಂತ್ರದ ಹಟವಲ್ಲ, ವಿವೇಕ

ಒಂದೇ ಒಂದು ದಪ್ಪ ಬಟ್ಟೆಯನ್ನು ಹಾಕಿದಾಗ ಅದು ನೀರು ಕುಡಿದು ಮುದ್ದೆಯಾಗಿ ಉರುಳೆಯ ಒಂದೇ ಪಕ್ಕಕ್ಕೆ ಅಂಟುತ್ತದೆ. ಎದುರು ಪಕ್ಕದಲ್ಲಿ ಅದನ್ನು ತೂಗಿಸಲು ಏನೂ ಇರುವುದಿಲ್ಲ. ಹೀಗೆ ಒಂದು ಕಡೆಗೆ ಬರಿಯ ಕಾಲು ಕಿಲೋಗ್ರಾಂ ಹೆಚ್ಚಾಯಿತೆಂದು ಭಾವಿಸೋಣ. ನಿಮಿಷಕ್ಕೆ 1000 ಸುತ್ತಿನ ವೇಗದಲ್ಲಿ ಅದು ಉರುಳೆಯ ಅಚ್ಚನ್ನು ಸುಮಾರು 67 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತದೆ. ಬೆಳೆದ ಮನುಷ್ಯನೊಬ್ಬನು ಅಚ್ಚಿಗೆ ಜೋತುಬಿದ್ದು, ಸೆಕೆಂಡಿಗೆ ಹದಿನಾರು ಬಾರಿಗೂ ಹೆಚ್ಚಾಗಿ ಅದನ್ನು ಸುತ್ತುಸುತ್ತಲೂ ಜಗ್ಗಿದಂತೆ! ಯಂತ್ರವೇ ನೆಲದ ಮೇಲೆ ನಡೆಯತೊಡಗಿದರೆ ಆಶ್ಚರ್ಯವೇನು? ಅಮೆರಿಕದಲ್ಲಿ 1937ರಲ್ಲಿ ಮಾರಾಟಕ್ಕೆ ಬಂದ ಬೆಂಡಿಕ್ಸ್ ಸ್ವಯಂಚಾಲಿತ ಯಂತ್ರದ ಉರುಳೆಗೆ ತೂಗುಬಿಡುವ ಏರ್ಪಾಡಿರಲಿಲ್ಲ. ಆದುದರಿಂದ ಯಂತ್ರವನ್ನು ಬೋಲ್ಟುಗಳಿಂದ ನೆಲಕ್ಕೆ ಬಿಗಿಯಬೇಕಾಗಿತ್ತು.

ಇಂದಿನ ಯಂತ್ರಗಳಲ್ಲಿ ತೊಟ್ಟಿಯನ್ನು ಸ್ಪ್ರಿಂಗುಗಳಿಂದ ತೂಗಿಬಿಟ್ಟಿರುತ್ತಾರೆ. ಅದರ ಓಲಾಟವನ್ನು ಅಡಗಿಸಲು ಶಾಕ್ ಅಬ್ಸಾರ್ಬರುಗಳಿವೆ; ಮುಂಬಾಗಿಲಿನ ಯಂತ್ರಗಳ ತೊಟ್ಟಿಗೆ ಕಾಂಕ್ರೀಟಿನ ದಿಮ್ಮಿಯನ್ನೇ ಕಟ್ಟಿರುವುದುಂಟು. ಭಾರವಾದುದನ್ನು ಅಲುಗಿಸುವುದು ಕಷ್ಟವಷ್ಟೆ? ಮೇಲ್ಬಾಗಿಲಿನ ಅನೇಕ ಯಂತ್ರಗಳಲ್ಲಿ ಉರುಳೆಯ ಬಾಯಿಯ ಸುತ್ತ ಉಪ್ಪುನೀರು ತುಂಬಿದ ಪೊಳ್ಳು ಬಳೆಯೊಂದಿರುತ್ತದೆ. ವೇಗ ಹೆಚ್ಚಿದಾಗ ಆ ನೀರು ಬಟ್ಟೆಯ ಮುದ್ದೆಗೆ ಎದುರಾದ ಪಕ್ಕಕ್ಕೆ ತಾನಾಗಿ ಸರಿದು ತಕ್ಕಮಟ್ಟಿಗೆ ಸಮತೋಲವನ್ನು ತರುತ್ತದೆ.

ಇಷ್ಟಾದರೂ ಒಂದು ಗಂಡಾಂತರದ ಘಟ್ಟವನ್ನು ದಾಟಲೇಬೇಕು. ಉಯ್ಯಾಲೆಯನ್ನು ಅದರ ಸಹಜವಾದ ತಾಳಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕಿಗೂ ದೊಡ್ಡ ಜೀಕು ಬರುತ್ತದೆ. ಸ್ಪ್ರಿಂಗಿನ ಮೇಲಿರುವ ತೊಟ್ಟಿಗೂ ಹೀಗೆ ಒಂದು ಸಹಜ ತಾಳವಿದೆ. ಉರುಳೆಯ ವೇಗ ಅದಕ್ಕೆ ಹೊಂದಿಕೊಂಡ ಕ್ಷಣದಲ್ಲಿ ಓಲಾಟ ಅತ್ಯಧಿಕವಾಗುತ್ತದೆ. ಆದುದರಿಂದ ಯಂತ್ರವು ಆ ಘಟ್ಟವನ್ನು ಏರುವ ಮುನ್ನ ಪರೀಕ್ಷೆಯೊಂದನ್ನು ನಡೆಸುತ್ತದೆ. ನಾವು ಹೇಳಿದ ಗಾತ್ರದ ಉರುಳೆಯಲ್ಲಿ ನಿಮಿಷಕ್ಕೆ ಸುಮಾರು 61 ಸುತ್ತಿಗೆ ಬಟ್ಟೆ ಕೆಳಗೆ ಬೀಳದೆ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ತಿರುಗುತ್ತ ಯಂತ್ರ ತನ್ನ ಮೋಟಾರನ್ನು ಗಮನಿಸುತ್ತದೆ. ಮುದ್ದೆ ಮೇಲೇರುವಾಗ ವೇಗ ತಗ್ಗಿ, ಇಳಿಯುವಾಗ ಹೆಚ್ಚಿದರೆ ಸಮತೋಲವಿಲ್ಲವೆಂದು ಅರ್ಥ. ಆಗ ಅದು ನಿಂತು, ಬಟ್ಟೆಯನ್ನು ಅತ್ತಿತ್ತ ಹೊರಳಿಸಿ, ಮತ್ತೆ ಯತ್ನಿಸುತ್ತದೆ. ಹಲವು ಯತ್ನಗಳು ವಿಫಲವಾದರೆ, ಕಡಿಮೆ ವೇಗದಲ್ಲಿ ಒಂದಿಷ್ಟು ತಿರುಗಿ ಅಥವಾ ತಿರುಗದೆಯೇ ಕೆಲಸ ಮುಗಿಸುತ್ತದೆ. ಮೆಕ್ಯಾನಿಕ್ ಕಂಡದ್ದು ಇದನ್ನೇ. ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು ಅವನಿಗೆ ಬೋರ್ಡಿನ ಮತಿಭ್ರಮಣೆಯಾಗಿ ತೋರಿತು. ನಿಜಕ್ಕೂ ಬೋರ್ಡು ತನ್ನ ಕರ್ತವ್ಯವನ್ನು ಚೆನ್ನಾಗಿ ಮಾಡುತ್ತಿತ್ತು.

ನೊರೆಯ ಕಾಟ

ಜಮಖಾನದ ಮಾತು ಮುಗಿಸುವ ಮುನ್ನ ಇನ್ನೊಂದು ಕಾರಣವನ್ನೂ ಹೇಳಬೇಕು. ಕೈಯಿಂದ ಒಗೆಯಲು ಮಾಡಿದ ಸಾಬೂನು ಪುಡಿಯನ್ನು ಮುಂಬಾಗಿಲಿನ ಯಂತ್ರಕ್ಕೆ ಧಾರಾಳವಾಗಿ ಹಾಕಿದರೆ ನೊರೆ ಉಕ್ಕಿ, ಉರುಳೆಗೂ ತೊಟ್ಟಿಗೂ ನಡುವಣ ಕಿರಿದಾದ ಎಡೆಯನ್ನು ತುಂಬುತ್ತದೆ. ಹಗುರವಾದ ನೊರೆ ತಡೆಯುವುದೇನೆಂದು ಉದಾಸೀನ ಮಾಡಬಾರದು. ಭರದಿಂದ ತಿರುಗುವ ಉರುಳೆಗೆ ಅದು ಬ್ರೇಕಿನಂತೆ ಅಡ್ಡಿಯಾಗುತ್ತದೆ. ಪಂಪಿಗೂ ನೊರೆಯನ್ನು ನೀರಿನಂತೆ ಎಳೆಯಲು ಬಾರದು. ಬಟ್ಟೆ ಒದ್ದೆಯಾಗಿಯೂ ಜಾರುಜಾರಾಗಿಯೂ ಬಂದರೆ ಸಾಬೂನನ್ನು ಸಂಶಯಿಸಿ, ಸಾಬೂನಿಲ್ಲದೆ ಒಮ್ಮೆ ಜಾಲಿಸಿ, ಮತ್ತೆ ಹಿಂಡಿಸಬೇಕು. ಯಂತ್ರಕ್ಕೆಂದೇ ಮಾಡಿದ, ನೊರೆ ಕಡಿಮೆಯಾದ ಪುಡಿಯನ್ನು ಅಳತೆಯಲ್ಲಿ ಬಳಸಿದರೆ ಈ ಕಾಟವಿಲ್ಲ.

ಎರಡು ತೊಟ್ಟಿಗಳ ಯಂತ್ರ

ನಮ್ಮ ನಾಡಿನ ಬಹು ಮನೆಗಳಲ್ಲಿ ಒಗೆಯಲು ಒಂದು, ಹಿಂಡಲು ಇನ್ನೊಂದು ತೊಟ್ಟಿಯುಳ್ಳ ಅರೆ ಸ್ವಯಂಚಾಲಿತ ಯಂತ್ರಗಳಿವೆ. ಇವು ಸಮತೋಲವನ್ನು ತಾವೇ ಪರೀಕ್ಷಿಸಲಾರವು. ಆ ಹೊಣೆ ನಮ್ಮದು. ಬಟ್ಟೆಯನ್ನು ಸುತ್ತಲೂ ಸಮನಾಗಿ ಜೋಡಿಸಿ, ಮೇಲೆ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಒತ್ತಿ ಕೂಡಿಸಬೇಕು. ಬಿಲ್ಲೆಯಿಲ್ಲದೆ ಹಾಕಿದಾಗ ಕರವಸ್ತ್ರವೊಂದು ಹಾರಿ ತೊಟ್ಟಿಯ ಅಡಿಗೆ ಸೇರಿ ಅಚ್ಚಿಗೆ ಸುತ್ತಿಕೊಳ್ಳುವುದುಂಟು. ಮುಚ್ಚಳ ಸರಿಯಾಗಿ ಕೂಡದಿದ್ದರೆ ಬ್ರೇಕು ಹಿಡಿದುಕೊಂಡೇ ಇರುತ್ತದೆ. ಮೋಟಾರು ಗುಂಯ್‌ಗುಟ್ಟುತ್ತಿದ್ದರೂ ತಿರುಗದಿದ್ದರೆ ಅದನ್ನು ಹೊರಡಿಸುವ ಕೆಪಾಸಿಟರು ಕೆಟ್ಟಿರಬಹುದು. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದುದರಿಂದ ಅದನ್ನು ನಾವು ಮುಟ್ಟದೆ ಕೆಲಸ ಬಲ್ಲವರಿಗೆ ಬಿಡುವುದು ಕ್ಷೇಮ.

ಮರೆಯಬಾರದ ಎಚ್ಚರಿಕೆ

ಯಂತ್ರ ತಿರುಗಲೊಲ್ಲದೆಂದು ಸಿಟ್ಟಾಗಿ ಮುಚ್ಚಳದ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ ತಿರುಗಿಸುವವರಿದ್ದಾರೆ. ಪೂರ್ಣವೇಗದ ಉರುಳೆಯಲ್ಲಿ ಸಿಕ್ಕಿದ ಬಟ್ಟೆಯ ತುದಿ ಕೈಯನ್ನೂ ಸೆಳೆದುಕೊಳ್ಳಬಲ್ಲದು. ಈ ಸಾಹಸ ಎಂದಿಗೂ ಕೂಡದು. ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ರೇನ್‌ಕೋಟು, ರಬ್ಬರು ಹಾಸು, ಪ್ಲಾಸ್ಟಿಕ್ ಹೊದಿಕೆ ಇವು ನೀರನ್ನು ಹೊರಬಿಡದೆ ಚೀಲದಂತೆ ಹಿಡಿದಿರುತ್ತವೆ. ಮೊದಲು ಸಮವಾಗಿದ್ದ ಈ ನೀರು ವೇಗ ಏರಿದ ಮೇಲೆ ಒಮ್ಮೆಗೇ ಒಂದು ಕಡೆಗೆ ನುಗ್ಗಿದರೆ, ಯಂತ್ರ ತಡೆದುಕೊಳ್ಳುವಷ್ಟರಲ್ಲಿ ಅನಾಹುತವಾಗಿರುತ್ತದೆ. ಅಮೆರಿಕದಲ್ಲಿ 2016ರ ನವೆಂಬರಿನಲ್ಲಿ, ಹಿಂಡುವಾಗ ಉರುಳೆಯ ಸಮತೋಲ ತಪ್ಪಿ ಮೇಲ್ಭಾಗವೇ ಕಿತ್ತುಬರಬಹುದೆಂಬ ಕಾರಣದಿಂದ, ಸುಮಾರು 28 ಲಕ್ಷ ಮೇಲ್ಬಾಗಿಲಿನ ಯಂತ್ರಗಳನ್ನು ತಯಾರಕರು ದುರಸ್ತಿಗೋ ಹಣ ವಾಪಸಿಗೋ ಒಪ್ಪಿಕೊಳ್ಳಬೇಕಾಯಿತು. ನೀರು ಹೋಗಗೊಡದ ಬಟ್ಟೆಯನ್ನು ಯಂತ್ರದಲ್ಲಿ ಹಿಂಡಿಸಲೇಬಾರದು.

ಒಗಟು ಬಿಡಿಸಿದ್ದು

ಇನ್ನು ಮಂಗಳೂರಿನ ಮನೆಗೆ ಮರಳೋಣ. ಎರಡು ವಾರದ ಹಿಂದಿನವರೆಗೆ ಸರಿಯಾಗಿದ್ದ ಯಂತ್ರಕ್ಕೆ ಒಮ್ಮೆಗೇ ಏನಾಯಿತು? ಕೇಳಿದಾಗ ಆ ತಾಯಿಯೇ ಉತ್ತರ ಕೊಟ್ಟರು. ಮಳೆ ಬಿಡದೆ ಹಿಡಿದ ಮೇಲೆ ಜಗಲಿಯ ಒಂದೇ ಹಗ್ಗದಲ್ಲಿ ಸ್ಥಳ ಸಾಲದೆ, ನೆಂಟರು ಬಂದಾಗ ಹಾಸಿದ ಜಮಖಾನಗಳನ್ನು ದಿನಕ್ಕೊಂದರಂತೆ ಒಗೆಯತೊಡಗಿದ್ದರು. ಬದಲಾದದ್ದು ಯಂತ್ರವಲ್ಲ, ಒಗೆಯುವ ಪದ್ಧತಿ. ಯಂತ್ರದ ಮೂಲೆಯನ್ನು ಒತ್ತಿ ನೋಡಿದಾಗ ಅದು ಒಂದು ಕಾಲಿನಲ್ಲಿ ತುಸು ಕುಂಟುತ್ತಿದ್ದುದೂ ತಿಳಿದುಬಂತು. ನೆರೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೇಸ್ತ್ರಿಯಿಂದ ರಸಮಟ್ಟ ತಂದು, ಕಾಲಿನ ತಿರುಪನ್ನು ತಿರುಗಿಸಿ ಯಂತ್ರವನ್ನು ಮಟ್ಟಸಮನಾಗಿ ನಿಲ್ಲಿಸಿದೆವು. ಜಮಖಾನದೊಂದಿಗೆ ಮೈ ಒರಸುವ ನಾಲ್ಕು ದಪ್ಪ ಬೈರಾಸುಗಳನ್ನು ಹಾಕಿ ಹಿಂಡುವ ಗುಂಡಿಯನ್ನೊತ್ತಿದೆವು.

ಯಂತ್ರ ಒಮ್ಮೆ ಹೊರಟು ನಿಂತಿತು. ಎಲ್ಲರ ಮುಖವೂ ಬಾಡಿತು. ಅದು ಬಟ್ಟೆಗಳನ್ನು ಹೊರಳಿಸಿ, ಮತ್ತೆ ಹೊರಟು, ಈ ಬಾರಿ ಘಟ್ಟವನ್ನು ದಾಟಿ ಸೀಟಿ ಹಾಕಿತು. ತೂಗಿದಾಗ ಜಮಖಾನ ಮೂರು ಕಿಲೋಗ್ರಾಂ ಇನ್ನೂರು ಗ್ರಾಂ ಇತ್ತು. ಹೋದ ನೀರು ಎರಡು ಲೀಟರಿಗೂ ಹೆಚ್ಚು. ಅಷ್ಟು ನೀರನ್ನು ಆವಿಮಾಡಿ ಕಳೆಯಬೇಕಾದರೆ ಒಂದೂವರೆ ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕಾಗುತ್ತಿತ್ತು. ಆಷಾಢದ ಸೂರ್ಯನಿಂದ ಅದನ್ನು ಬೇಡುವಂತಿರಲಿಲ್ಲ.

ಮಾತು ಕೇಳದ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ. ನೀರು ಹೋಯಿತೆ, ಉರುಳೆ ಬರಿದಾಗಿ ತಿರುಗುವುದೆ, ಬಟ್ಟೆ ಸಮನಾಗಿದೆಯೆ, ಯಂತ್ರ ಮಟ್ಟಸವಾಗಿ ನಿಂತಿದೆಯೆ—ಈ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದ ಮೇಲೆಯೂ ಉತ್ತರ ದೊರೆಯದಿದ್ದರೆ ಆಗ ಮೆಕ್ಯಾನಿಕ್‌ನನ್ನು ಕರೆಯಬಹುದು. ಅವನಿಗೂ ಕೆಲಸ ಹಗುರವಾಗುತ್ತದೆ. ನಮಗೂ ಬೇಡದ ಬೋರ್ಡನ್ನು ಕೊಳ್ಳುವ ನಷ್ಟ ತಪ್ಪುತ್ತದೆ. ನಾವು ಹೊರಟಾಗ ಜಗಲಿಯ ಹಗ್ಗದ ಕೆಳಗೆ ಬೋಗುಣಿಯಿರಲಿಲ್ಲ. ಅದು ಅಡಿಗೆಮನೆಗೆ ಮರಳಿತ್ತು.